ಹಳೆಯ ಟಾಟಾ 407ರ ಹಿಂದಿನ ಸ್ಪ್ರಿಂಗ್ ಪ್ಲೇಟ್ ಕೂತಿದೆ: ಎರಡು ಪ್ಲೇಟ್ ಸೇರಿಸೋದಾ, ಪೂರ್ತಿ ಸೆಟ್ ಬದಲಿಸೋದಾ?

ಪ್ರಶ್ನೆ: ನನ್ನದು 2010ರ ಟಾಟಾ 407. ಕೋಲಾರ ತಾಲ್ಲೂಕಿನ ಹಳ್ಳಿಗಳಿಂದ ಎಪಿಎಂಸಿ ಮಂಡಿಗೆ ಟೊಮೆಟೊ ಹೊಡೆಯುತ್ತೇನೆ. ತಿಂಗಳಿಗೆ ಎರಡು ಮೂರು ಸಲ ಚೆನ್ನೈಗೂ ಹೋಗುತ್ತೇನೆ. ಸೀಸನ್ನಿನಲ್ಲಿ ಒಂದು ಟ್ರಿಪ್ಪಿಗೆ 220 ಬಾಕ್ಸ್ ಹಾಕುತ್ತೇನೆ. ಗಾಡಿ ಹಿಂದೆ ಎಡಗಡೆ ಎರಡು ಇಂಚು ಕೂತಿದೆ. ಲೋಡ್ ಇದ್ದಾಗ ಹಳ್ಳ ಬಂದರೆ ರಬ್ಬರ್ ಸ್ಟಾಪರಿಗೆ ಹೊಡೆಯುತ್ತದೆ. ಒಬ್ಬ ಮೆಕ್ಯಾನಿಕ್ ಎರಡೆರಡು ಪ್ಲೇಟ್ ಜಾಸ್ತಿ ಹಾಕೋಣ ಅನ್ನುತ್ತಾರೆ. ಇನ್ನೊಬ್ಬರು ಹಳೇ ಪ್ಲೇಟನ್ನೇ ಕಾಯಿಸಿ ಬಾಗಿಸಿ ಕೊಡ್ತೀನಿ ಅಂದರು. ಪ್ಯಾರಾಬೋಲಿಕ್ ಹಾಕಿಸು ಅಂತ ಗೆಳೆಯ ಹೇಳುತ್ತಾನೆ. ಆರ್‌ಸಿಯಲ್ಲಿ ಒಟ್ಟು ತೂಕ 5,700 ಕೆಜಿ, ಖಾಲಿ ತೂಕ 2,900 ಕೆಜಿ ಅಂತಿದೆ. ಏನು ಮಾಡಲಿ? ಹಳೇ ಪ್ಲೇಟುಗಳನ್ನು ಏನು ಮಾಡೋದು?

ಉತ್ತರ: ನಮಸ್ಕಾರ. ಆರ್‌ಸಿಯ ಎರಡೂ ತೂಕ ಬರೆದು ಕಳಿಸಿದ್ದು ತುಂಬಾ ಒಳ್ಳೆಯದಾಯಿತು. ಪ್ಲೇಟಿನ, ಅಂದರೆ ಚಾಸಿ ಮತ್ತು ಆಕ್ಸಲಿನ ನಡುವೆ ಭಾರ ಹೊರುವ ಲೀಫ್ ಸ್ಪ್ರಿಂಗಿನ, ಬಗ್ಗೆ ಕೇಳುವವರಲ್ಲಿ ಹೆಚ್ಚಿನವರು ತೂಕದ ಮಾತೇ ಎತ್ತುವುದಿಲ್ಲ. ನಿಮ್ಮ ಪ್ರಶ್ನೆಯ ಅರ್ಧ ಉತ್ತರ ಅಲ್ಲೇ ಇದೆ, ಹಾಗಾಗಿ ಮೊದಲು ಅದನ್ನೇ ನೋಡೋಣ.

ಕೋಲಾರದ ಟೊಮೆಟೊ ಬಾಕ್ಸ್ ಅಂದರೆ 15 ಕೆಜಿ ಲೆಕ್ಕ. ಪ್ಲಾಸ್ಟಿಕ್ ಕ್ರೇಟಿನ ತೂಕ ಒಂದೂವರೆಯಿಂದ ಎರಡು ಕೆಜಿ. ಒಟ್ಟು 17 ಅಂತ ಹಿಡಿಯಿರಿ. 220 ಬಾಕ್ಸಿಗೆ 3,740 ಕೆಜಿ ಆಯಿತು. ನೀವು ಮತ್ತು ಕ್ಲೀನರ್ ಸೇರಿ 150 ಕೆಜಿ. ಒಟ್ಟು 3,890. ಗಾಡಿ ಹೊರಬಹುದಾದದ್ದು 5,700ರಲ್ಲಿ 2,900 ಕಳೆದರೆ 2,800. ಅಂದರೆ ಸೀಸನ್ನಿನಲ್ಲಿ ಪ್ರತಿ ಟ್ರಿಪ್ಪಿಗೂ 1,090 ಕೆಜಿ ಜಾಸ್ತಿ ಹೋಗುತ್ತಿದೆ. ಲೆಕ್ಕಕ್ಕೆ ಸರಿಯಾಗಿ ಹಾಕಬೇಕು ಅಂದರೆ 155 ಬಾಕ್ಸ್. ಈ ಜಾಸ್ತಿ ತೂಕದ ಬಹುಪಾಲು ಬೀಳುವುದು ಹಿಂದಿನ ಆಕ್ಸಲ್ ಮೇಲೆ. ಪ್ಲೇಟ್ ಕೂತಿದ್ದಕ್ಕೆ ಬರೀ ವಯಸ್ಸು ಕಾರಣ ಅಲ್ಲ. ಇದನ್ನು ತಪ್ಪು ಹುಡುಕಲು ಹೇಳುತ್ತಿಲ್ಲ. ಬಾಡಿಗೆಗೆ ಓಡುವವರ ಕಷ್ಟ ನನಗೆ ಗೊತ್ತು. ಆದರೆ ಈ ಲೆಕ್ಕ ಬಿಟ್ಟು ಯಾವ ಹೊಸ ಪ್ಲೇಟ್ ಹಾಕಿದರೂ ಅದು ಹೀಗೇ ಕೂರುತ್ತದೆ. ಒಂದು ಸಲ ಲೋಡ್ ಸಮೇತ ವೇ ಬ್ರಿಡ್ಜಿಗೆ ಹೋಗಿ. ಮುಂದಿನ ಚಕ್ರ ಮಾತ್ರ ನಿಲ್ಲಿಸಿ ಒಂದು ಚೀಟಿ, ಇಡೀ ಗಾಡಿ ನಿಲ್ಲಿಸಿ ಇನ್ನೊಂದು ಚೀಟಿ ತೆಗೆಸಿ. ಎರಡರ ವ್ಯತ್ಯಾಸವೇ ಹಿಂದಿನ ಆಕ್ಸಲಿನ ಭಾರ.

ಇನ್ನು ಗಾಡಿಗೆ ಬರೋಣ. ಎರಡು ಇಂಚು ಕೂತಿದೆ ಅಂದಿರಿ. ಒಂದೇ ಕಡೆ ಕೂತರೆ ಪ್ಲೇಟ್ ಸೋತಿದೆ ಅಂತ ತಕ್ಷಣ ತೀರ್ಮಾನ ಮಾಡಬೇಡಿ. ಗಾಡಿ ಖಾಲಿ ಮಾಡಿ ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ. ನಾಲ್ಕು ಹಿಂದಿನ ಟೈರಿನ ಗಾಳಿ ಸಮ ಮಾಡಿ. ಆಮೇಲೆ ಆಕ್ಸಲ್ ಹೌಸಿಂಗ್ ಮೇಲಿನಿಂದ ಚಾಸಿಯ ಕೆಳ ಅಂಚಿನವರೆಗೆ ಎರಡೂ ಕಡೆ ಟೇಪಿನಲ್ಲಿ ಅಳೆಯಿರಿ. ಬಾಡಿ ಅಂಚಿನಿಂದ ಅಳೆಯಬೇಡಿ, ಮರದ ಬಾಡಿ ತಾನೇ ವಾಲಿರಬಹುದು.

ಇನ್ನೊಂದು ವಿಷಯ ತುಂಬಾ ಜನರಿಗೆ ಗೊತ್ತಿಲ್ಲ. ಮುಂದಿನ ಪ್ಲೇಟ್ ಸೋತಿದ್ದರೂ ಹಿಂಭಾಗ ವಾಲಿದ ಹಾಗೆ ಕಾಣುತ್ತದೆ. ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಚಾಸಿಯ ಮುಂದಿನ ಅಡ್ಡಪಟ್ಟಿಯ (ಕ್ರಾಸ್ ಮೆಂಬರ್) ನಟ್ಟನಡುವೆ ಜಾಕಿ ಕೊಟ್ಟು, ಮುಂದಿನ ಪ್ಲೇಟುಗಳ ಮೇಲಿನ ಭಾರ ಹೋಗುವಷ್ಟು ಎತ್ತಿ. ಈಗ ಹಿಂದಿನ ವಾಲುವಿಕೆ ಹೋದರೆ ದೋಷ ಮುಂದಿದೆ. ಹಾಗೇ ಉಳಿದರೆ ಹಿಂದೆಯೇ ಇದೆ. ಇದಕ್ಕೆ ಹತ್ತು ನಿಮಿಷ ಸಾಕು.

ದೋಷ ಹಿಂದೆಯೇ ಇದೆ ಅಂತ ಆದರೆ ಪ್ಲೇಟ್ ಸೆಟ್ಟನ್ನು ವೈರ್ ಬ್ರಷ್ಷಿನಿಂದ ಉಜ್ಜಿ, ಸೀಮೆಎಣ್ಣೆಯಿಂದ ತೊಳೆದು ನೋಡಿ. ಎರಡನೇ ಮೂರನೇ ಪ್ಲೇಟ್ ತುಂಡಾಗಿದ್ದರೂ ಮೇಲಿನಿಂದ ಕಾಣುವುದಿಲ್ಲ, ಕ್ಲಿಪ್ಪು ಹಿಡಿದುಕೊಂಡಿರುತ್ತದೆ. ಪ್ಲೇಟಿನ ಬದಿಯಲ್ಲಿ ಕೆಂಪು ತುಕ್ಕಿನ ಗೆರೆ ಅಡ್ಡಲಾಗಿ ಇಳಿದಿದ್ದರೆ ಅಲ್ಲಿ ಬಿರುಕಿದೆ ಅಂತ ಅನುಮಾನ ಪಡಿ. ಸೀಮೆಎಣ್ಣೆ ಹಚ್ಚಿ, ಒಣಬಟ್ಟೆಯಲ್ಲಿ ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ಉಜ್ಜಿ. ಬಿರುಕಿನೊಳಗೆ ಉಳಿದ ಎಣ್ಣೆ ಹೊರಗೆ ಬಂದು ಕಪ್ಪು ಗೆರೆ ತೋರಿಸುತ್ತದೆ.

ಪ್ಲೇಟ್ ಎಲ್ಲಿ ತುಂಡಾಗಿದೆ ಅನ್ನುವುದನ್ನು ದಯವಿಟ್ಟು ಗಮನಿಸಿ. ನನ್ನ ಅನುಭವದಲ್ಲಿ ಇದಕ್ಕಿಂತ ಒಳ್ಳೆಯ ಸಾಕ್ಷಿ ಇನ್ನೊಂದಿಲ್ಲ. ನಡುವೆ, ಪ್ಲೇಟುಗಳನ್ನು ಒಟ್ಟಿಗೆ ಪೋಣಿಸುವ ಸೆಂಟರ್ ಬೋಲ್ಟಿನ ತೂತಿನ ಹತ್ತಿರ ತುಂಡಾಗಿದ್ದರೆ, ಸೆಟ್ಟನ್ನು ಆಕ್ಸಲಿಗೆ ಬಿಗಿಯುವ ಯು ಬೋಲ್ಟ್ ಸಡಿಲ ಇತ್ತು. ಬಿಗಿ ಇದ್ದಾಗ ಆ ಭಾಗ ಬಾಗುವುದೇ ಇಲ್ಲ, ಸಡಿಲಾದಾಗ ಮಾತ್ರ ಅಲ್ಲಿ ಬಾಗಿ ತೂತಿನಿಂದ ಬಿರುಕು ಶುರುವಾಗುತ್ತದೆ. ತುದಿಯ ಸುರುಳಿಯ ಹತ್ತಿರ ತುಂಡಾಗಿದ್ದರೆ ಬುಷ್ ಸವೆದಿದೆ, ಇಲ್ಲವೇ ಪ್ಲೇಟಿನ ತುದಿಯನ್ನು ಚಾಸಿಗೆ ಸೇರಿಸುವ ಕೊಂಡಿ (ಶಾಕಲ್) ಗ್ರೀಸ್ ಇಲ್ಲದೆ ಹಿಡಿದುಕೊಂಡಿದೆ. ಎರಡರ ನಡುವೆ ಎಲ್ಲೋ ತುಂಡಾಗಿದ್ದರೆ ಓವರ್‌ಲೋಡ್, ಅಥವಾ ಪ್ಲೇಟಿನ ಮೇಲೆ ಬಿದ್ದ ಗಾಯ. ತುಂಡಾದ ಮುಖವನ್ನೂ ನೋಡಿ. ಸ್ವಲ್ಪ ಭಾಗ ಕಪ್ಪಾಗಿ ನುಣುಪಾಗಿದ್ದು ಉಳಿದದ್ದು ಹೊಳೆಯುತ್ತಿದ್ದರೆ, ಬಿರುಕು ಮೊದಲೇ ಇತ್ತು, ಕೊನೆಗೆ ಒಂದು ದಿನ ಪೂರ್ತಿ ಹೋಯಿತು ಅಂತ ಅರ್ಥ.

ಎಡಗಡೆಯೇ ಯಾಕೆ ಅಂತ ಕೇಳಬಹುದು. ನಾವು ಎಡಕ್ಕೆ ಓಡಿಸುತ್ತೇವೆ. ರಸ್ತೆ ನಡುವಿನಿಂದ ಅಂಚಿಗೆ ಇಳಿಜಾರಾಗಿರುತ್ತದೆ, ಭಾರ ಸದಾ ಎಡಕ್ಕೆ ವಾಲುತ್ತದೆ. ಡಾಂಬರು ಕಿತ್ತ ಅಂಚಿಗೆ, ಮೋರಿ ಪಕ್ಕದ ಹಳ್ಳಕ್ಕೆ ಇಳಿಯುವುದೂ ಎಡ ಚಕ್ರವೇ. ನಾನು ನೋಡಿದ ಗಾಡಿಗಳಲ್ಲಿ ಎಡ ಮೊದಲು ಕೂತವೇ ಜಾಸ್ತಿ.

ಈಗ ನಿಮಗೆ ಬಂದ ಸಲಹೆಗಳನ್ನು ಒಂದೊಂದಾಗಿ ನೋಡೋಣ.

ಕಾಯಿಸಿ ಬಾಗಿಸುವುದು ಬೇಡವೇ ಬೇಡ. ಸ್ಪ್ರಿಂಗ್ ಉಕ್ಕಿಗೆ ಅದರ ಗುಣ ಬರುವುದು ಕಾರ್ಖಾನೆಯಲ್ಲಿ ಮಾಡುವ ಹದದಿಂದ. ಕೆಂಪಗೆ ಕಾಯಿಸಿ, ಎಣ್ಣೆಯಲ್ಲಿ ಅದ್ದಿ, ಮತ್ತೆ ಅಳತೆಯ ಶಾಖದಲ್ಲಿ ಇಟ್ಟು ಹದ ಮಾಡುತ್ತಾರೆ. ಆಮೇಲೆ ಸಣ್ಣ ಉಕ್ಕಿನ ಗುಂಡುಗಳನ್ನು ಜೋರಾಗಿ ಹೊಡೆದು ಮೇಲ್ಮೈ ಗಟ್ಟಿ ಮಾಡುತ್ತಾರೆ, ಬಿರುಕು ಬೇಗ ಹುಟ್ಟದೆ ಇರಲಿ ಅಂತ. ಕುಲುಮೆಯಲ್ಲಿ ಕಾಯಿಸಿ ಬಡಿದರೆ ಈ ಎರಡೂ ಹೋಗುತ್ತವೆ. ಆಕಾರ ಹೊಸದರ ಹಾಗೆ ಕಾಣುತ್ತದೆ, ಬಲ ಇರುವುದಿಲ್ಲ. ಮೂರು ಲೋಡಿಗೆ ಮತ್ತೆ ಕೂರುತ್ತದೆ, ಇಲ್ಲವೇ ಗಾಜಿನ ಹಾಗೆ ತುಂಡಾಗುತ್ತದೆ. ತಣ್ಣಗೇ ಸುತ್ತಿಗೆಯಿಂದ ಬಾಗು ಕೊಡುವವರೂ ಇದ್ದಾರೆ. ಅದು ಕಾಯಿಸುವುದಕ್ಕಿಂತ ವಾಸಿ. ಆದರೂ ಹದಿನೈದು ವರ್ಷ ಕೆಲಸ ಮಾಡಿ ದಣಿದ ಉಕ್ಕು ಆ ಬಾಗನ್ನು ಬಹಳ ದಿನ ಹಿಡಿಯುವುದಿಲ್ಲ. ತುಂಡಾದ ಪ್ಲೇಟಿಗೆ ವೆಲ್ಡಿಂಗಂತೂ ಯಾರು ಹೇಳಿದರೂ ಒಪ್ಪಬೇಡಿ.

ಪ್ಲೇಟ್ ಸೇರಿಸುವ ಸಲಹೆ ನಮ್ಮ ಕಡೆ ಎಲ್ಲರೂ ಕೊಡುವಂಥದ್ದು. ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಒಂದೇ ದಪ್ಪದ ಎಂಟು ಪ್ಲೇಟ್ ಇರುವ ಸೆಟ್ಟಿಗೆ ಅದೇ ದಪ್ಪದ ಇನ್ನೆರಡು ಸೇರಿಸಿದರೆ ಬಿಗಿ, ಅಂದರೆ ಬಾಗದೆ ತಡೆಯುವ ಶಕ್ತಿ, ಸುಮಾರು ಕಾಲು ಪಾಲು ಜಾಸ್ತಿ ಆಗುತ್ತದೆ. ಇದು ನೇರ ಲೆಕ್ಕ. ಆದರೆ ದಪ್ಪದ ಲೆಕ್ಕ ನೇರ ಅಲ್ಲ, ದಪ್ಪದ ಘನದ ಹಾಗೆ ಏರುತ್ತದೆ. 10 ಮಿಲಿಮೀಟರ್ ಪ್ಲೇಟಿನ ಜಾಗದಲ್ಲಿ 12 ಮಿಲಿಮೀಟರಿನದು ಹಾಕಿದರೆ ಆ ಒಂದು ಪ್ಲೇಟಿನ ಬಿಗಿ 1.73 ಪಟ್ಟು. ದೊಡ್ಡ ಲಾರಿಯ ಹಳೇ ಪ್ಲೇಟನ್ನು ಕತ್ತರಿಸಿ 407ಕ್ಕೆ ಸೇರಿಸುವ ಪದ್ಧತಿ ಇದೆ ನೋಡಿ, ಅದರ ತೊಂದರೆ ಇಲ್ಲೇ. ಎಲ್ಲ ಪ್ಲೇಟುಗಳೂ ಒಟ್ಟಿಗೆ ಒಂದೇ ರೀತಿ ಬಾಗುತ್ತವೆ. ಒಂದೇ ಬಾಗಿಗೆ ದಪ್ಪ ಪ್ಲೇಟಿನ ಮೇಲ್ಮೈ ಹೆಚ್ಚು ಎಳೆತ ತಿನ್ನುತ್ತದೆ. ಹಾಗಾಗಿ ಮೊದಲು ತುಂಡಾಗುವುದು ಗಟ್ಟಿ ಅಂತ ಹಾಕಿಸಿದ ಆ ದಪ್ಪ ಪ್ಲೇಟೇ.

ಪ್ಲೇಟ್ ಬಿಗಿಯಾಯಿತು ಅಂತ ಗಾಡಿಯ ಬಲ ಏರುವುದಿಲ್ಲ. ಹಳ್ಳದ ಹೊಡೆತವನ್ನು ಪ್ಲೇಟ್ ನುಂಗದಿದ್ದರೆ ಅದು ಇನ್ನೆಲ್ಲಿಗೋ ಹೋಗಲೇಬೇಕು. ಬ್ರಾಕೆಟ್ಟಿಗೆ, ಬ್ರಾಕೆಟ್ಟಿನ ರಿವೆಟ್ಟಿಗೆ, ಚಾಸಿಗೆ, ಆಕ್ಸಲ್ ಹೌಸಿಂಗಿಗೆ, ಟೈರಿಗೆ ಹೋಗುತ್ತದೆ. ಕೆಲವು ವರ್ಷದ ಹಿಂದೆ ನನ್ನ ಶೆಡ್ಡಿಗೆ ಮಾಲೂರು ಕಡೆಯಿಂದ ಇಟ್ಟಿಗೆ ಸಾಗಿಸುವ ಗಾಡಿ ಬಂದಿತ್ತು. ಹಿಂದೆ ಮೂರು ಮೂರು ಪ್ಲೇಟ್ ಜಾಸ್ತಿ ಹಾಕಿಸಿದ್ದರು. ಗಾಡಿ ಒಂದಿಷ್ಟೂ ಕೂತಿರಲಿಲ್ಲ, ನೆಟ್ಟಗೆ ನಿಂತಿತ್ತು. ಬಂದದ್ದು ಏನೋ ಕಟಕಟ ಸದ್ದು ಅಂತ. ಕೆಳಗೆ ಮಲಗಿ ನೋಡಿದರೆ ಬ್ರಾಕೆಟ್ಟಿನ ಎರಡು ರಿವೆಟ್ ಆಡುತ್ತಿದ್ದವು, ಒಂದು ತೂತಿನಿಂದ ಚಾಸಿ ಮೂರು ಬೆರಳು ಸೀಳಿತ್ತು. ಪ್ಲೇಟ್ ಉಳಿಸಲು ಹೋಗಿ ಚಾಸಿ ಕೊಟ್ಟಿದ್ದರು. ಆ ಯಜಮಾನರ ಮುಖ ನನಗೆ ಇನ್ನೂ ನೆನಪಿದೆ.

ನಿಮ್ಮ ವಿಷಯದಲ್ಲಿ ಇನ್ನೂ ಒಂದಿದೆ. ನೀವು ಸಾಗಿಸುವುದು ಇಟ್ಟಿಗೆ ಅಲ್ಲ, ಟೊಮೆಟೊ. ಪ್ಲೇಟ್ ಬಿಗಿಯಾದಷ್ಟೂ ಹಾರಿಕೆ ಜಾಸ್ತಿ, ಅದರಲ್ಲೂ ಹಿಂದಿನ ಆಕ್ಸಲಿಗಿಂತ ಆಚೆ ಇರುವ ಕ್ರೇಟುಗಳಿಗೆ. ಅಲ್ಲಿನ ತಳದ ಸಾಲು ಒಡೆದು ನೀರು ಸುರಿಯುವುದನ್ನು ನೀವೇ ನೋಡಿರುತ್ತೀರಿ, ಅಲ್ವಾ? ಮಂಡಿಯಲ್ಲಿ ಹಣ್ಣು ನೋಡಿ ಬೆಲೆ ಕಟ್ಟುತ್ತಾರೆ. ಬೆಳೆದ ರೈತ ನಿಮ್ಮ ಮೇಲೆ ನಂಬಿಕೆ ಇಟ್ಟು ಲೋಡ್ ಮಾಡಿಸಿರುತ್ತಾನೆ.

ಪ್ಯಾರಾಬೋಲಿಕ್ ಒಳ್ಳೆಯ ಪ್ಲೇಟು, ಅದರಲ್ಲಿ ಎರಡು ಮಾತಿಲ್ಲ. ನಡುವೆ ದಪ್ಪ, ತುದಿಗೆ ಹೋಗುತ್ತಾ ತೆಳು. ಎರಡು ಮೂರು ಪ್ಲೇಟ್ ಸಾಕು. ಒಂದಕ್ಕೊಂದು ಉಜ್ಜುವುದಿಲ್ಲ, ತೂಕ ಕಡಿಮೆ, ಓಟ ಮೆತ್ತಗೆ. ಆದರೆ ನಿಮ್ಮ ಮಾಡೆಲ್ಲಿಗೆ, ನಿಮ್ಮ ಆಕ್ಸಲ್ ಭಾರಕ್ಕೆ ಅಂತಲೇ ಮಾಡಿದ್ದು ಸಿಕ್ಕರೆ ಮಾತ್ರ ಹಾಕಬಹುದು. ಬೇರೆ ಗಾಡಿಯದನ್ನು ತಂದು ಕೂರಿಸಬಾರದು. ಅದರಲ್ಲಿ ಪ್ಲೇಟ್ ಸಂಖ್ಯೆ ಕಡಿಮೆ ಇರುವುದರಿಂದ ಒಂದು ತುಂಡಾದರೆ ದೊಡ್ಡ ಪಾಲೇ ಹೋದಂತೆ. ಸಾವಿರ ಕೆಜಿ ಜಾಸ್ತಿ ಹಾಕುವ ಅಭ್ಯಾಸ ಇರುವವರೆಗೆ ಅದು ನಿಮಗೆ ಹೊಂದುವುದಿಲ್ಲ.

ಹಾಗಾದರೆ ನನ್ನ ಸಲಹೆ ಇದು. ಎರಡೂ ಕಡೆ ಪೂರ್ತಿ ಹೊಸ ಸೆಟ್ ಹಾಕಿಸಿ. ಕಂಪನಿ ಕೊಟ್ಟ ಅಳತೆಯದೇ ಇರಲಿ, ಅಷ್ಟೇ ಪ್ಲೇಟು, ಅಷ್ಟೇ ದಪ್ಪ. ಎಡ ಒಂದನ್ನೇ ಬದಲಿಸಿದರೆ ಹೊಸದು ಎತ್ತಿ ಹಿಡಿಯುತ್ತದೆ, ಹಳೆಯದು ಕೂರುತ್ತದೆ, ನಾಳೆ ಬಲಕ್ಕೆ ವಾಲುತ್ತದೆ. ಚಾಸಿ ನಂಬರ್ ಹೇಳಿ ಪಾರ್ಟ್ ನಂಬರ್ ಕೇಳಿ ತೆಗೆದುಕೊಳ್ಳಿ. 407ರಲ್ಲೇ ಹಲವು ಮಾದರಿಗಳಿವೆ, ವರ್ಷ ಹೇಳಿದರೆ ಸಾಲದು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ನಾಲ್ಕು ಅಂಗಡಿ ವಿಚಾರಿಸಿ, ತಯಾರಕರ ಗುರುತು ಪ್ಲೇಟಿನ ಮೇಲೆ ಒತ್ತಿರುವುದನ್ನು ನೋಡಿ, ಬಿಲ್ಲು ಪಡೆಯಿರಿ. ಬಣ್ಣ ಬಳಿದ ಹಳೇ ಪ್ಲೇಟನ್ನೂ ಹೊಸದು ಅಂತ ಮಾರುತ್ತಾರೆ. ಪ್ಲೇಟಿನ ತುದಿ ಅದರ ಮೇಲಿನ ಪ್ಲೇಟನ್ನು ಉಜ್ಜಿ ಮಾಡಿದ ತಗ್ಗು ಬಣ್ಣದ ಕೆಳಗೂ ಬೆರಳಿಗೆ ಸಿಗುತ್ತದೆ.

ಪ್ಲೇಟಿನ ಜೊತೆ ಇನ್ನಷ್ಟು ಸಾಮಾನು ಬೇಕು. ಯು ಬೋಲ್ಟ್ ನಾಲ್ಕೂ ಹೊಸದು, ನಟ್ಟು ಸಮೇತ. ಒಮ್ಮೆ ಬಿಗಿದ ಯು ಬೋಲ್ಟ್ ಹಿಗ್ಗಿರುತ್ತದೆ, ಮತ್ತೆ ಬಿಗಿದರೆ ಹಿಡಿತ ಬರುವುದಿಲ್ಲ. ಅದನ್ನು ಉಳಿಸಲು ಹೋಗಿ ಹೊಸ ಸೆಟ್ ಕಳೆದುಕೊಂಡವರು ಎಷ್ಟೋ ಜನ. ಸೆಂಟರ್ ಬೋಲ್ಟ್, ಬುಷ್, ಶಾಕಲ್ ಪಿನ್ ಹೊಸದು ಹಾಕಿಸಿ. ಬ್ರಾಕೆಟ್ಟಿನ ತೂತು ಮೊಟ್ಟೆ ಆಕಾರಕ್ಕೆ ಸವೆದಿದೆಯಾ, ರಿವೆಟ್ ಸುತ್ತ ತುಕ್ಕಿನ ಪುಡಿ ಬರುತ್ತಿದೆಯಾ ನೋಡಿಸಿ. ಹಿಂದಿನ ಶಾಕ್ ಅಬ್ಸಾರ್ಬರ್ ಬಿಚ್ಚಿ ಬಿಸಾಕಿದ್ದರೆ ಹೊಸ ಜೋಡಿ ಕೂರಿಸಿ. ಎಣ್ಣೆ ಸೋರಿದ್ದರೂ ಬದಲಿಸಿ. ಪ್ಲೇಟ್ ಭಾರ ಹೊರುತ್ತದೆ, ಕುಣಿತ ನಿಲ್ಲಿಸುವುದು ಶಾಕ್ ಅಬ್ಸಾರ್ಬರಿನ ಕೆಲಸ. ಟೊಮೆಟೊ ಉಳಿಯುವುದು ಅದರಿಂದಲೇ. ಮೇಲೆ ಹೆಲ್ಪರ್ ಪ್ಲೇಟ್ (ಲೋಡ್ ಜಾಸ್ತಿಯಾದಾಗ ಮಾತ್ರ ಭಾರ ಹೊರುವ ಪ್ಲೇಟ್) ಇದ್ದರೆ ಅದರ ತುದಿ ಮತ್ತು ಬ್ರಾಕೆಟ್ಟಿನ ನಡುವೆ ಖಾಲಿ ಗಾಡಿಯಲ್ಲಿ ಜಾಗ ಇರಬೇಕು. ಖಾಲಿ ಇದ್ದಾಗಲೇ ತಾಗುತ್ತಿದ್ದರೆ ಕೆಳಗಿನ ಸೆಟ್ ಕೂತಿದೆ ಅಂತಲೇ ಅರ್ಥ.

ಕೆಲಸ ಮಾಡಿಸುವಾಗ ಪಕ್ಕದಲ್ಲೇ ನಿಂತುಕೊಳ್ಳಿ. ಚಾಸಿಯನ್ನು ಗಟ್ಟಿ ಸ್ಟ್ಯಾಂಡಿನ ಮೇಲೆ ಇಟ್ಟು, ಆಕ್ಸಲಿಗೆ ಬೇರೆ ಜಾಕಿ ಕೊಟ್ಟಿರಬೇಕು. ಬರೀ ಜಾಕಿಯ ಮೇಲಿರುವ ಗಾಡಿಯ ಕೆಳಗೆ ಯಾರೂ ಹೋಗುವುದು ಬೇಡ. ಸೆಂಟರ್ ಬೋಲ್ಟ್ ಬಿಚ್ಚುವ ಮೊದಲು ಸೆಟ್ಟನ್ನು ಕ್ಲ್ಯಾಂಪಿನಲ್ಲಿ ಹಿಡಿದಿರಬೇಕು, ಇಲ್ಲದಿದ್ದರೆ ಪ್ಲೇಟ್ ಸಿಡಿಯುತ್ತದೆ. ಸೆಂಟರ್ ಬೋಲ್ಟಿನ ತಲೆ ಆಕ್ಸಲ್ ಸೀಟಿನ ಗುಂಡಿಯಲ್ಲಿ ಸರಿಯಾಗಿ ಕೂತ ಮೇಲೆ ಯು ಬೋಲ್ಟ್ ಬಿಗಿಯಬೇಕು. ಒಂದನ್ನೇ ಪೂರ್ತಿ ಬಿಗಿಯಬಾರದು. ಎದುರುಬದುರು ಸ್ವಲ್ಪ ಸ್ವಲ್ಪ, ಕೊನೆಗೆ ಟಾರ್ಕ್ ರೆಂಚಿನಲ್ಲಿ ಕಂಪನಿ ಹೇಳಿದಷ್ಟು. ರಬ್ಬರ್ ಬುಷ್ ಇದ್ದರೆ ಅದರ ಬೋಲ್ಟನ್ನು ಚಕ್ರ ನೆಲಕ್ಕೆ ಬಂದು ಭಾರ ಕೂತ ಮೇಲೆ ಬಿಗಿಯಬೇಕು. ತೂಗಾಡುವಾಗಲೇ ಬಿಗಿದರೆ ರಬ್ಬರ್ ತಿರುಚಿಕೊಂಡು ಬೇಗ ಹರಿಯುತ್ತದೆ. ಲೋಹದ ಬುಷ್ ಆದರೆ ಗ್ರೀಸ್ ನಿಪ್ಪಲ್ಲಿನಿಂದ ಹಳೇ ಗ್ರೀಸ್ ಹೊರಬರುವವರೆಗೆ ಹೊಡೆಸಿ, ಮುಂದೆ ಪ್ರತಿ ಸರ್ವಿಸ್ಸಿನಲ್ಲೂ ಹೊಡೆಸಿ. ಪ್ಲೇಟುಗಳ ನಡುವೆ ಜೋಡಿಸುವಾಗ ಗ್ರಾಫೈಟ್ ಗ್ರೀಸ್ ತೆಳ್ಳಗೆ ಹಚ್ಚಿದರೆ ಸಾಕು. ಹಳೇ ಇಂಜಿನ್ ಆಯಿಲ್ ಸುರಿಯುವ ಅಭ್ಯಾಸ ಬಿಡಿ. ಅದು ಧೂಳು ಹಿಡಿದು ಅರೆಯುತ್ತದೆ, ರಬ್ಬರನ್ನೂ ತಿನ್ನುತ್ತದೆ.

ಎಲ್ಲ ಆದ ಮೇಲೆ ಎರಡೂ ಕಡೆ ಮುಂದಿನ ಹಬ್ಬಿನ ನಡುವಿನಿಂದ ಹಿಂದಿನ ಹಬ್ಬಿನ ನಡುವಿಗೆ ಅಳೆಯಿರಿ. ಸ್ಟೀರಿಂಗ್ ನೇರ ಇರಲಿ. ಒಂದು ಕಡೆ ಕಡಿಮೆ ಬಂದರೆ ಆಕ್ಸಲ್ ಓರೆಯಾಗಿ ಕೂತಿದೆ. ಗಾಡಿ ಏಡಿಯ ಹಾಗೆ ಅಡ್ಡಡ್ಡ ಓಡುತ್ತದೆ, ಟೈರ್ ಸವೆಯುತ್ತದೆ.

ಬ್ರೇಕ್ ವಿಷಯ ಮರೆಯಬೇಡಿ. ಕೆಲವು ಗಾಡಿಗಳಲ್ಲಿ ಹಿಂದಿನ ಆಕ್ಸಲಿನಿಂದ ಚಾಸಿಯಲ್ಲಿರುವ ಒಂದು ವಾಲ್ವಿಗೆ ಸರಳು ಇರುತ್ತದೆ. ಗಾಡಿ ಎಷ್ಟು ಕೂತಿದೆ ಅಂತ ಅಳೆದು, ಲೋಡಿಗೆ ತಕ್ಕಷ್ಟು ಬ್ರೇಕನ್ನು ಹಿಂದಕ್ಕೆ ಕೊಡುವುದು ಅದರ ಕೆಲಸ. ಜಾಸ್ತಿ ಪ್ಲೇಟ್ ಹಾಕಿ ಗಾಡಿ ಎತ್ತಿದರೆ, ಲೋಡ್ ತುಂಬಿದ್ದರೂ ಆ ವಾಲ್ವ್ ಗಾಡಿ ಖಾಲಿ ಇದೆ ಅಂತಲೇ ತಿಳಿಯುತ್ತದೆ. ಹಿಂದೆ ಬ್ರೇಕ್ ಕಡಿಮೆ ಸಿಗುತ್ತದೆ. ಹೊಸ ಸೆಟ್ ಹಾಕಿದ ಮೇಲೂ ಇದನ್ನು ಹೊಂದಿಸಿಕೊಳ್ಳಬೇಕು. ಹಿಂಭಾಗ ಮೂಲ ಎತ್ತರಕ್ಕಿಂತ ಏರಿದರೆ ಮುಂದಿನ ಚಕ್ರ ಎಡಬಲಕ್ಕೆ ತಿರುಗುವ ಕಿಂಗ್ ಪಿನ್ನಿನ ಓರೆಯೂ ಬದಲಾಗಿ ಸ್ಟೀರಿಂಗ್ ಅಲೆದಾಡುತ್ತದೆ. ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸಲಿಗೆ ಹೋಗುವ ಪ್ರೊಪೆಲ್ಲರ್ ಶಾಫ್ಟಿನ ಜಾಯಿಂಟಿನ ಕೋನ ಕೆಟ್ಟು ಅದರುತ್ತದೆ. ಎತ್ತರಕ್ಕೆ ಆಸೆ ಪಡಬೇಡಿ ಅನ್ನುವುದು ಇದಕ್ಕೇ.

ಮೊದಲ ಲೋಡ್ ಟ್ರಿಪ್ ಮುಗಿಸಿ ಬಂದ ತಕ್ಷಣ ಯು ಬೋಲ್ಟ್ ಮತ್ತೆ ಬಿಗಿಸಿ. ಆಮೇಲೆ ಸಾವಿರ ಕಿಲೋಮೀಟರಿಗೆ ಇನ್ನೊಮ್ಮೆ. ಹೊಸ ಪ್ಲೇಟ್ ಶುರುವಿನಲ್ಲಿ ಸ್ವಲ್ಪ ಕೂರುವುದು ಸಹಜ, ಎರಡೂ ಕಡೆ ಸಮ ಕೂತರೆ ಚಿಂತೆ ಬೇಡ. ಒಂದು ತಿಂಗಳ ನಂತರ ಹೌಸಿಂಗಿನಿಂದ ಚಾಸಿಗೆ ಅಳೆದು ಡೈರಿಯಲ್ಲಿ ಬರೆದಿಡಿ. ಮುಂದೆ ಎಫ್‌ಸಿಗೆ (ಫಿಟ್‌ನೆಸ್ ಸರ್ಟಿಫಿಕೇಟಿಗೆ) ಹೋಗುವ ಮೊದಲು ಪ್ರತಿ ವರ್ಷ ಅಳೆದರೆ, ಕೂರುವುದು ಶುರುವಾದಾಗಲೇ ಗೊತ್ತಾಗುತ್ತದೆ.

ಬಾಕ್ಸ್ ಎಷ್ಟು ಹಾಕಬೇಕು ಅನ್ನುವುದು ನಿಮ್ಮ ತೀರ್ಮಾನ. ಒಂದು ಮಾತು ಮಾತ್ರ ಹೇಳಬೇಕು. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 194ನೇ ಸೆಕ್ಷನ್ನಿನಲ್ಲಿ ಓವರ್‌ಲೋಡಿಗೆ 20,000 ರೂಪಾಯಿ, ಅದರ ಮೇಲೆ ಪ್ರತಿ ಹೆಚ್ಚುವರಿ ಟನ್ನಿಗೆ 2,000 ದಂಡ ಇದೆ. ಜಾಸ್ತಿ ಹಾಕುವ 65 ಬಾಕ್ಸಿನ ಬಾಡಿಗೆಯನ್ನು ಒಂದು ಸೀಸನ್ನಿಗೆ ಕೂಡಿ, ಪಕ್ಕದಲ್ಲಿ ಪ್ಲೇಟು, ಟೈರು, ಒಡೆದ ಹಣ್ಣು, ಕೆಲಸ ನಿಂತ ದಿನಗಳ ಲೆಕ್ಕ ಬರೆದು ನೋಡಿ. ನನ್ನ ಹತ್ತಿರ ಬರುವ ಇಬ್ಬರು ಹೀಗೆ ಬರೆದು ನೋಡಿದ ಮೇಲೆ ಬಾಕ್ಸ್ ಕಡಿಮೆ ಮಾಡಿದ್ದಾರೆ.

ಹಳೇ ಪ್ಲೇಟಿನ ಬಗ್ಗೆ ಕೇಳಿದ್ದೀರಿ. ಅದು ಒಳ್ಳೆಯ ಉಕ್ಕು, ಮಚ್ಚು ಕುಡುಗೋಲು ಮಾಡಲು ಕುಲುಮೆಯವರು ಖುಷಿಯಿಂದ ಕೊಳ್ಳುತ್ತಾರೆ. ಪೂರ್ತಿ ಸೆಟ್ ಅಲ್ಲಿಗೇ ಕೊಟ್ಟುಬಿಡಿ. ಇರಲಿ ಅಂತ ಒಂದು ಮೇನ್ ಪ್ಲೇಟನ್ನು ಬಾಡಿಯಲ್ಲಿ ಹಾಕಿಕೊಳ್ಳಬೇಡಿ. ರಾತ್ರಿ ಹೊತ್ತು ದಾರಿಯಲ್ಲಿ ಏನಾದರೂ ತುಂಡಾದರೆ ಯಾರಾದರೂ ಅದನ್ನೇ ಕೂರಿಸಿ ಕಳಿಸುತ್ತಾರೆ, ಆಮೇಲೆ ಬಿಚ್ಚಿಸುವುದು ಮರೆತೇ ಹೋಗುತ್ತದೆ. ಬದಲಿಗೆ ಒಂದು ಹೊಸ ಸೆಂಟರ್ ಬೋಲ್ಟು, ಎರಡು ಯು ಬೋಲ್ಟು, ನಟ್ಟು ಸೀಟಿನ ಕೆಳಗೆ ಇಟ್ಟುಕೊಳ್ಳಿ.